ಹುಣಸೆಹಣ್ಣು ಹಚ್ಚಿದ ಕತ್ತಿ

ಹರ್ಲಿಂಗ್‌ಹ್ಯಾಮ್, ನೈರೋಬಿ
26 ಅಕ್ಟೋಬರ್ 2025

ಪ್ರೀತಿಯ ವಿಶಾಲೂ,

ನಾನು ಕ್ಷೇಮ. ನೀನು, ಬಾಣಂತಿ ಭಾರ್ಗವಿ, ಇನ್ನೂ ಹೆಸರಿಡದ ನಮ್ಮ ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದೀರೆಂದು ನಿನ್ನೆ ಫೋನಿನಲ್ಲೇ ತಿಳಿಯಿತು. ದಿನಾ ಫೋನು ಮಾಡುವವನು ಕಾಗದ ಯಾಕೆ ಬರೆದ ಎಂದು ನಗಬೇಡ. ಮೂರು ವಾರದಿಂದ ಹೇಳಬೇಕೆಂದದ್ದು ಬಾಯಿಗೆ ಬರಲೇ ಇಲ್ಲ. ಪಕ್ಕದ ಫ್ಲ್ಯಾಟಿನ ಅಮಿತ್ ನಾಳೆ ಮೈಸೂರಿಗೆ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತಿದ್ದೇನೆ. ತಡವಾಯಿತು, ಕ್ಷಮಿಸು.

ಗಿಗಿರಿಯ ಆಫೀಸಿನಲ್ಲಿ ಕುಡಿಯುವ ನೀರಿನ ಯೋಜನೆ ಬರೆಯುವ ಎಂಜಿನಿಯರಿಗೆ ವಿಯೆಟ್ನಾಮಿನ ಹಳೆಯ ಕತ್ತಿಗಳ ಚರಿತ್ರೆ ಯಾಕೆ ಬೇಕಿತ್ತು ಎಂದು ನೀನು ಎಷ್ಟು ಸಲ ಹಂಗಿಸಿಲ್ಲ! ಆ ದೇಶದವರೇ ಆದ ಸಹೋದ್ಯೋಗಿ ಲಿನ್ ತಮ್ಮ ಮುತ್ತಜ್ಜನ ಕತ್ತಿಯನ್ನು ನಂಬಿ ನನ್ನ ಕೈಗೆ ಕೊಟ್ಟಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒರೆಯ ಮೇಲಿನ ಮುತ್ತಿನ ಚಿಪ್ಪಿನ ಕುಸುರಿ ಅಲ್ಲಿಯದೇ. ಅಲಗು ಮಾತ್ರ ಅಲ್ಲಿಯದೋ ಫ್ರೆಂಚರು ತಂದದ್ದೋ ಗೊತ್ತಾಗಬೇಕಿತ್ತು. ಹಿಡಿಯ ಹತ್ತಿರ ಚಿನ್ನದ ನೀರಿನಲ್ಲಿ ಬರೆದ ಆರು ಹಳೆಯ ಅಕ್ಷರಗಳಿದ್ದವು. ಅವರ ಮನೆಯಲ್ಲಿ ಯಾರಿಗೂ ಅದನ್ನು ಓದಲು ಬಾರದು. ಮುತ್ತಜ್ಜನ ಹೆಸರು ಅದರಲ್ಲೇ ಇರಬೇಕು, ಬೇರೆಲ್ಲೂ ಉಳಿದಿಲ್ಲ ಎಂದಿದ್ದರು. ಬಲ್ಲವರಿಂದ ಓದಿಸಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು ತೊಳೆದು ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ಮಿಕ್ಸಿಗೂ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿದೆ. ನಿಜವಾದ ಆಯುಧ ಮನೆಯಲ್ಲಿಟ್ಟುಕೊಂಡು ಮಿಕ್ಸಿಗೆ ಪೂಜೆಯೇ ಎನ್ನಿಸಿತು. ಅವತ್ತು ನೀನು ಫೋನಿನಲ್ಲಿ ಹೇಳಿದ್ದೆ: "ರೀ, ಅದು ಇನ್ನೊಬ್ಬರ ಮನೆ ವಸ್ತು. ದೂರದಿಂದ ಒಂದು ಹೂ ಇಟ್ಟು ಕೈ ಮುಗೀರಿ, ಸಾಕು."

ಹೂಂ ಎಂದೆ. ಆದರೆ ತುಕ್ಕು ಹಿಡಿದ ಅಲಗನ್ನು ದೇವರ ಮುಂದೆ ಇಡುವುದು ಹೇಗೆ? ಹುಣಸೆಹಣ್ಣು ಹಚ್ಚಿ, ಹಿತ್ತಾಳೆ ದೀಪ ತಿಕ್ಕಿದ ಹಾಗೆ ತಿಕ್ಕಿದೆ. ತಿಕ್ಕಿದಷ್ಟೂ ಹೊಳೆಯಿತು, ಹಿಗ್ಗಿದೆ. ತೊಳೆದು ನೋಡಿದರೆ ಅಕ್ಷರಗಳಿರಲಿಲ್ಲ. ಆ ಭಾಗದ ಫೋಟೊ ಕೂಡ ತೆಗೆದಿರಲಿಲ್ಲ, ಬೆಳಗಿದ ಮೇಲೆ ಚೆನ್ನಾಗಿ ಬರುತ್ತದೆ ಎಂದು ಬಿಟ್ಟಿದ್ದೆ. ಹಳೆಯ ವಸ್ತುವಿನ ತುಕ್ಕನ್ನೂ ಮುಟ್ಟಬಾರದು ಎಂದು ಊರಿಗೆಲ್ಲ ಉಪದೇಶ ಮಾಡಿದವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನೀನು ಅಂದರೆ ತಲೆ ತಗ್ಗಿಸಿ ಕೇಳುತ್ತೇನೆ. ಗಡ್ಡ ಹೆರೆಯಲು ಕನ್ನಡಿ ನೋಡುವುದಕ್ಕೂ ನಾಚಿಕೆಯಾಗುತ್ತದೆ, ವಿಶಾಲೂ.

ಹೋದ ಭಾನುವಾರ ಕತ್ತಿ ಹಿಂದಿರುಗಿಸಲು ಕರೆನ್ ಬಡಾವಣೆಯಲ್ಲಿರುವ ಲಿನ್ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಕಾರು ಕೆಟ್ಟು ನಿಲ್ಲಲಿ ಎಂದು ಹಾರೈಸಿದೆ. ಪೂಜೆ ಮಾಡಿಸಿಕೊಂಡ ಕಾರು, ಕೆಡಲಿಲ್ಲ. ಅವರು ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಜಾಗದ ಮೇಲೆ ಬೆರಳಾಡಿಸಿದರು. ನಮ್ಮ ಹಬ್ಬದ ವಿಷಯ ವಿವರಿಸಿದೆ. ಕೇಡು ಬಯಸಿ ಮಾಡಿದ್ದಲ್ಲವಲ್ಲ ಎಂದು ಅವರೇ ಸಮಾಧಾನ ಹೇಳಿ ಟೀ ಕೊಟ್ಟರು. ಎರಡು ವರ್ಷದ ಟಿಪ್ಪಣಿಗಳನ್ನೆಲ್ಲ ಅಲ್ಲೇ ಕೊಟ್ಟು ಬಂದೆ. ಇನ್ನು ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಭಾರ್ಗವಿಗೆ ತಣ್ಣೀರು ಮುಟ್ಟಗೊಡಬೇಡ. ಮಗು ಆಯುರಾರೋಗ್ಯದಿಂದ ಬೆಳೆಯಲಿ, ತಾತನ ಬುದ್ಧಿ ಮಾತ್ರ ಬಾರದಿರಲಿ.

ನಿನ್ನ
ಶ್ರೀನಿವಾಸಮೂರ್ತಿ

ತಾ.ಕ.: ಅಂಟಿಸಿದ್ದ ಕವರನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ತಿಕ್ಕಿದವರು ಯಾರು ಎಂದು ಲಿನ್ ಕೇಳಿದರು. ನನ್ನ ಹೆಂಡತಿ ಎಂದುಬಿಟ್ಟೆ. ನೀನು ಆಗಲೇ ಊರಿನಲ್ಲಿದ್ದೆ ಎಂದು ಅವರಿಗೆ ಗೊತ್ತಿಲ್ಲ. ಅವಳು ಅಷ್ಟು ಓದಿದವಳಲ್ಲ, ತಿಳಿಯಲಿಲ್ಲ ಎಂದೂ ಸೇರಿಸಿದೆ, ಎಂ.ಎಸ್ಸಿ. ಮಾಡಿದ ನಿನ್ನ ಬಗ್ಗೆ. ಲಿನ್ ನನ್ನ ಕೈ ಹಿಡಿದುಕೊಂಡು, "ಪಾಪ, ಭಕ್ತಿಯಿಂದ ಮಾಡಿದ್ದಾರೆ, ದಯವಿಟ್ಟು ಅವರನ್ನು ಬೈಯಬೇಡಿ" ಎಂದರು.

ಆಗಲಿ, ಬೈಯುವುದಿಲ್ಲ ಎಂದೆ.