ಹದಿನೇಳನೆಯ ಪ್ರಶ್ನೆಯ ಮಡಿಕೆಗಳು

ಏಪ್ರಿಲ್ 4, ಬೆಳಗ್ಗೆ ಹತ್ತು

ಎಂದಿನಂತೆ ಟೇಬಲ್ ಒರೆಸಿ ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಲೆಕ್ಕದಮ್ಮ ಬಂದು ಒಂದು ಹಾಳೆ ಇಟ್ಟಳು. ನಮ್ಮ ಪರೀಕ್ಷಾ ಕಚೇರಿಗೆ ಹೊಸದಾಗಿ ಬಂದ ಅಂಕಿಅಂಶದ ಹುಡುಗಿ. ವಯಸ್ಸಿನಲ್ಲಿ ನನ್ನ ಅರ್ಧ, ಮಾತಿನಲ್ಲಿ ನನ್ನ ಕಾಲು ಭಾಗ.

"ಸರ್, ಹದಿನೇಳನೇದು ಸೊಟ್ಟ ಇದೆ."

ಹದಿನೇಳು ನನ್ನದು. ಬಟ್ಟೆಯನ್ನು ಎರಡು ಸಲ ಮಡಿಸಿ, ನಡುವೆ ಕತ್ತರಿಯಲ್ಲಿ ಒಂದು ತೂತು. ಬಿಚ್ಚಿದರೆ ಎಷ್ಟು? ನಾಲ್ಕು. ಇಪ್ಪತ್ತು ಪ್ರಶ್ನೆಗಳಲ್ಲಿ ನಾನು ಬರೆದದ್ದು ಇದೊಂದೇ. ಉಳಿದವು ದೊಡ್ಡ ದೊಡ್ಡ ಡಿಗ್ರಿಯವರವು. ನಾನೋ, ಹೊಲಿಗೆ ಯಂತ್ರಕ್ಕೆ ಪುಸ್ತಕ ಒರಗಿಸಿಕೊಂಡು ಪಾಸಾದ ದರ್ಜಿಯ ಮಗ.

ಅವಳ ವಿಧಾನ ಹೀಗೆ: ಒಟ್ಟು ಅಂಕ ಸಮನಾಗಿರುವ ಮಕ್ಕಳನ್ನು ಒಟ್ಟಿಗೆ ಇಡುವುದು. ಹತ್ತು ಬಂದವರ ಜೊತೆ ಹತ್ತು ಬಂದವರು, ಹದಿಮೂರರ ಜೊತೆ ಹದಿಮೂರು. ಎಲ್ಲರೂ ಸಮಬುದ್ಧಿಯವರು ಅಂತ ಲೆಕ್ಕ. ಅವರಲ್ಲಿ ಒಂದೇ ಬೀದಿಯವರೋ ಕಸುಬಿನವರೋ ಒಂದು ಪ್ರಶ್ನೆಗೆ ಹೆಚ್ಚು ಸರಿ ಬರೆದಿದ್ದರೆ ಪ್ರಶ್ನೆ ಅವರ ಕಡೆ ವಾಲಿದೆ.

"ದರ್ಜಿ ಬೀದಿ ಮಕ್ಕಳು ನೂರಕ್ಕೆ ಎಪ್ಪತ್ತೊಂದು ಸರಿ. ಉಳಿದವರು ಐವತ್ತೆರಡು."

ಹತ್ತನೇ ತಾರೀಖು ಸಮಿತಿ. ಇಡುವುದೋ, ಕಿತ್ತು ಹಾಕುವುದೋ.

ಅದೇ ದಿನ, ಊಟದ ಹೊತ್ತು

ಇಲ್ಲಿ ಮಾತ್ರ ಬರೆಯುತ್ತೇನೆ. ತಂಗಿಯ ಮಗಳು ಪುಟ್ಟಿ ಈ ಪರೀಕ್ಷೆ ಬರೆದಿದ್ದಾಳೆ, ವಸತಿ ಶಾಲೆಯ ಸೀಟಿಗಾಗಿ. ತಂಗಿ ಈಗಲೂ ಅಪ್ಪನ ಯಂತ್ರ ತುಳಿಯುತ್ತಾಳೆ. ಉತ್ತರಪಟ್ಟಿ ನೋಡಿ ಪುಟ್ಟಿ ತಾನೇ ಕೂಡಿಸಿ, "ಗಡಿ ಹತ್ರಾನೇ ಇದೀನಿ ಮಾಮ" ಅಂದಿದ್ದಳು. ದರ್ಜಿ ಮನೆಯ ಮಗು, ಹದಿನೇಳು ಸರಿಯಾಗೇ ಬರೆದಿರುತ್ತಾಳೆ; ಅದು ಹೋದರೆ ಅವಳಿಗೂ ಒಂದು ಅಂಕ ಹೋದಂತೆ. ಪ್ರಶ್ನೆ ಬರೆದಾಗ ಅವಳು ಪರೀಕ್ಷೆಗೆ ಕೂರುವ ಸುದ್ದಿಯೇ ಇರಲಿಲ್ಲ. ಆಮೇಲೆ ಗೊತ್ತಾಯಿತು. ಕಚೇರಿಯಲ್ಲಿ ಬಾಯಿ ಬಿಡಲಿಲ್ಲ... ಇಷ್ಟು ಮಾತಾಡುವವನು.

ಏಪ್ರಿಲ್ 5, ಮಧ್ಯಾಹ್ನ ಮೂರು

ಕುರ್ಚಿಯಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಬಿಳಿ ಬಟ್ಟೆ, ಬೀದಿಯಷ್ಟು ಅಗಲ. ಯಾರೋ ಮೆಲ್ಲಗೆ ಬಿಚ್ಚುತ್ತಿದ್ದಾರೆ, ಬಿಚ್ಚಿದಷ್ಟೂ ಮಡಿಕೆ. ತೂತಿನಿಂದ ಒಂದೊಂದು ಮಗುವಿನ ಕಣ್ಣು. ಅಪ್ಪ ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತ, ಕೊರಳಲ್ಲಿ ಟೇಪು ಹಾಕಿಕೊಂಡು, ಆ ಕಣ್ಣುಗಳನ್ನು ಅಳೆಯುತ್ತಿದ್ದ. ಸದ್ದೇ ಇಲ್ಲ.

ಎಚ್ಚರಾದಾಗ ಟೇಪೊಂದೇ ಮನಸ್ಸಿನಲ್ಲಿ ಉಳಿದಿತ್ತು. ಅಪ್ಪನ ಹಳೇ ಟೇಪು ಎಳೆದೆಳೆದು ಉದ್ದವಾಗಿತ್ತು. ಗಿರಾಕಿ ಹೊಸ ಟೇಪು ತಂದರೆ, "ನಿಮ್ಮದೇ ಕುಗ್ಗಿದೆ ಸ್ವಾಮಿ" ಅಂತ ವಾದ. ಅಷ್ಟು ನಂಬಿಕೆ ಅವನಿಗೆ.

ಪರೀಕ್ಷೆಯ ಮೊತ್ತವೇ ಎಳೆದ ಟೇಪಾಗಿದ್ದರೆ? ನೆಟ್ಟಗಿದ್ದದ್ದೇ ಸೊಟ್ಟ ಕಾಣುವುದಿಲ್ಲವೇ?

ಏಪ್ರಿಲ್ 6

ಲೆಕ್ಕದಮ್ಮನಿಗೆ ಹೇಳಿದೆ. ಪೆನ್ನು ಕಚ್ಚಿಕೊಂಡು ಕೂತಳು.

"ಉಳಿದ ಪ್ರಶ್ನೆಗಳೇ ದರ್ಜಿ ಬೀದಿಗೆ ವಿರುದ್ಧ ವಾಲಿದ್ರೆ, ಆ ಮಕ್ಕಳ ಮೊತ್ತಾನೇ ಕಮ್ಮಿ ಬಂದಿರುತ್ತೆ. ಆಗ ಹತ್ತು ಬಂದ ಅವರ ಮಗು, ಹತ್ತು ಬಂದ ಬೇರೆ ಮಗುಗಿಂತ ಜಾಣ."

"ಅದನ್ನೇ ನಾನೂ ಬೊಗಳ್ತಿರೋದು ತಾಯಿ."

"ಮೊತ್ತ ಬಿಟ್ಟು ಶಾಲೆಯ ವರ್ಷದ ಅಂಕ ಹಿಡಿದು ನೋಡ್ತೀನಿ. ಅದೂ ಟೇಪೇ, ಸರ್. ಆದ್ರೆ ಬೇರೆ ಟೇಪು."

ಆಗ ಪುಟ್ಟಿಯ ವಿಷಯವನ್ನೂ ಹೇಳಿಬಿಟ್ಟೆ.

"ಇದನ್ನ ಈಗ ಹೇಳ್ತಿದೀರಾ?"

"ಈಗಲಾದ್ರೂ ಹೇಳ್ತಿದೀನಲ್ಲ."

ಅಧ್ಯಕ್ಷರವರೆಗೂ ಹೋಯಿತು. ಸಭೆಗೆ ನಾನು ಬರುವಂತಿಲ್ಲ. ಪ್ರಶ್ನೆ ಬರೆದವನಾಗಿ ಒಂದು ಟಿಪ್ಪಣಿ ಮಾತ್ರ ಕೊಡಬಹುದು. ನ್ಯಾಯವೇ. ಆದರೂ ಉರಿಯಿತು.

ಏಪ್ರಿಲ್ 8, ತಂಗಿಯ ಮನೆ

ಯಂತ್ರದ ಸದ್ದು, ನೆಲದ ತುಂಬ ಬಣ್ಣದ ಚಿಂದಿ. ಪುಟ್ಟಿ ಗುಂಡಿ ಹಾಕುತ್ತಿದ್ದಳು.

"ಬಟ್ಟೆ ಪ್ರಶ್ನೆ ಸಲೀಸಾಗಿತ್ತಾ?" ಕೇಳಿದೆ.

"ಅದೂ ತಪ್ಪಾಯ್ತು ಮಾಮ. 'ಒಂದೂ ಇಲ್ಲ' ಅಂತ ಗುರುತು ಹಾಕಿದೆ."

"ಒಂದೂ ಇಲ್ವಾ!"

"ಒಳ್ಳೇ ಬಟ್ಟೆ ನಡುವೆ ಯಾರು ಕತ್ತರಿ ಹಾಕ್ತಾರೆ? ಅಮ್ಮ ಕೈ ಮುರೀತಾಳೆ. ಮೋಸದ ಪ್ರಶ್ನೆ ಅಂದ್ಕೊಂಡೆ. ಯಾರ್ ಬರ್ದಿದ್ರೋ ದಡ್ಡರು."

ತಂಗಿ ಯಂತ್ರ ನಿಲ್ಲಿಸಿ ನಕ್ಕಳು. "ಎದುರಿಗೇ ಕೂತಿದಾರಲ್ಲೇ."

ನಾನೂ ನಕ್ಕೆ. ಒಳಗೆ ಲೆಕ್ಕ ಓಡುತ್ತಿತ್ತು. ಗಡಿ ಹದಿನಾಲ್ಕು, ಪುಟ್ಟಿಗೆ ಹದಿಮೂರು. ಹದಿನೇಳು ಹೋದರೆ ಅದನ್ನು ಸರಿ ಬರೆದ ಹದಿನಾಲ್ಕರವರು ಹದಿಮೂರಕ್ಕಿಳಿಯುತ್ತಾರೆ. ಗಡಿಯೂ ಇಳಿಯುತ್ತದೆ. ಇವಳು ಒಳಗೆ. ಉಳಿದರೆ ಹೊರಗೆ.

ಪ್ರಶ್ನೆ ಉಳಿಸಲು ಹೊರಟಿದ್ದೆ ನಾನು. ಟಿಪ್ಪಣಿ ಇನ್ನೂ ಬರೆದಿಲ್ಲ. ಬರೆಯದೇ ಇದ್ದರೆ ಸಾಕು, ಯಾರೂ ಕೇಳುವುದಿಲ್ಲ.

ಏಪ್ರಿಲ್ 10, ಹನ್ನೊಂದೂವರೆ, ಸಭೆಯ ಹೊರಗಿನ ಬೆಂಚು

ಬೆಳಗ್ಗೆ ಟಿಪ್ಪಣಿ ಕೊಟ್ಟೆ. ಎರಡು ಸಾಲು. 'ಹದಿನೇಳು ನೆಟ್ಟಗಿದೆ ಎಂದು ನಂಬಿದ್ದೇನೆ. ಅದು ಉಳಿದರೆ ನನ್ನ ತಂಗಿಯ ಮಗಳಿಗೆ ನಷ್ಟ, ಇದನ್ನೂ ದಾಖಲಿಸಿಕೊಳ್ಳಿ.'

ಕಾರಿಡಾರಿನ ಗಾಜಿನಲ್ಲಿ ಬಿಸಿಲು ನೀರಿನಂತೆ ಅಲುಗಾಡುತ್ತಿದೆ. ಎಲ್ಲ ಯಾವಾಗಲೋ ಆಗಿಹೋದ ಹಾಗೆ...

ಒಂದೂವರೆ

ಲೆಕ್ಕದಮ್ಮ ಹೊರಬಂದಳು. ಹೊಸ ಟೇಪಿನಲ್ಲಿ ಏಳು ಪ್ರಶ್ನೆ ಸೊಟ್ಟ, ಏಳೂ ದರ್ಜಿ ಬೀದಿಗೆ ವಿರುದ್ಧ. ಎಸ್ಕಲೇಟರ್, ಪಿಯಾನೊ, ಈಜುಕೊಳ ಇತ್ಯಾದಿ. ಹದಿನೇಳು ನೆಟ್ಟಗೆ. ಏಳನ್ನೂ ತೆಗೆದು ಎಲ್ಲರದ್ದೂ ಮತ್ತೆ ಎಣಿಕೆ, ಹೊಸ ಗಡಿ.

"ನಿಮ್ಮ ಹುಡುಗಿ ಆ ಏಳರಲ್ಲಿ ಎಷ್ಟು ತಪ್ಪು ಮಾಡಿದ್ಲು ಸರ್?"

ಕೇಳಿಲ್ಲ. ಕೇಳುವ ಧೈರ್ಯ ಇಲ್ಲ.

ಏಪ್ರಿಲ್ 22, ಬೆಳಗ್ಗೆ ಒಂಬತ್ತು

ಹನ್ನೆರಡು ದಿನ ಏನೂ ಬರೆಯಲಿಲ್ಲ. ಈಗ ಪುಟ್ಟಿ ಬಂದು ಎದುರಿಗೆ ಕೂತಿದ್ದಾಳೆ. ಫಲಿತಾಂಶದ ಚೀಟಿಯನ್ನು ಎರಡು ಸಲ ಮಡಿಸಿ, ನಡುವೆ ಕತ್ತರಿಯಿಂದ ಒಂದು ಕಚ್ಚು ಹಾಕಿ ತಂದಿದ್ದಾಳೆ.

"ಬಿಚ್ಚೋಕೆ ಮುಂಚೆ ಹೇಳಿ ಮಾಮ, ಎಷ್ಟು ತೂತು?"

ಮುಖದಲ್ಲಿ ಏನೂ ಕಾಣುತ್ತಿಲ್ಲ. ನನ್ನ ತಂಗಿಯ ಮಗಳೇ ಸರಿ. "ಏನ್ ಬರೀತಿದೀರಾ, ಬಿಚ್ಚಿ" ಅನ್ನುತ್ತಿದ್ದಾಳೆ. ಮುಂದೂಡುವುದಕ್ಕೇ ಬರೆಯುತ್ತಿರುವುದು ಅಂತ ಅವಳಿಗೆ ಹೇಗೆ ಹೇಳಲಿ. ಒಂದು ಮಡಿಕೆ ಬಿಚ್ಚಿದೆ. ಎರಡು ತೂತು. ಅವುಗಳ ನಡುವೆ ಅವಳ ಹೆಸರಿನ ಮೊದಲ ಅಕ್ಷರ. ಇನ್ನೊಂದು ಮಡಿ—