ಹಿಡಿ ಎಷ್ಟು ಎತ್ತರವಿರಬೇಕು

ಶಿಡ್ಲಘಟ್ಟ
೧೨-೨-೧೯೬೫

ಪ್ಲಾಸ್ಟಿಕ್ ಕರಗಿಸಿ ಬಾಬಿನ್ ಅಚ್ಚೊತ್ತುವ ಕೈಮಿಷನ್ ಕೊಳ್ಳಲು ಬೊಂಬಾಯಿಯಲ್ಲಿ ಅಲೆಯುತ್ತಿರುವ ನನ್ನ ಯಜಮಾನರಿಗೆ ಶ್ಯಾಮಲೆಯ ನಮಸ್ಕಾರಗಳು.

ನೀವು ಬಿಟ್ಟುಹೋದ ಎರಡು ಪ್ಲಾಸ್ಟಿಕ್ ಬಾಬಿನ್‌ಗಳಿಗೆ ರೇಷ್ಮೆ ನೂಲು ಸುತ್ತಿ, ಇಡ್ಲಿ ಪಾತ್ರೆಯಲ್ಲಿಟ್ಟು ಒಂದು ಗಂಟೆ ಹಬೆ ಕೊಟ್ಟೆ. ಅಗ್ಗದ ಪ್ಲಾಸ್ಟಿಕ್ಕಿನದು ಬೆಂದ ಬದನೆಕಾಯಿಯ ಹಾಗೆ ಸೊಟ್ಟಗಾಯಿತು. ನೈಲಾನಿನದಕ್ಕೆ ಏನೂ ಆಗಲಿಲ್ಲ. ನಮ್ಮೂರಿನಲ್ಲಿ ಹುರಿ ಹಾಕಿದ ನೂಲಿಗೆ, ಹುರಿ ಬಿಚ್ಚಿಕೊಳ್ಳದಿರಲು, ಬಾಬಿನ್ ಸಮೇತ ಹಬೆ ಕೊಡಲೇಬೇಕಲ್ಲ, ಆದ್ದರಿಂದ ನೈಲಾನ್ ಕರಗುವಷ್ಟು ಕಾಯುವ ಮಿಷನ್ನನ್ನೇ ಆರಿಸಿ. ಶಾಖ ತೋರಿಸುವ ಮುಳ್ಳು ಇರಲೇಬೇಕು. ಕೆಲಸ ಕಲಿಯುವಾಗ ಅಂದಾಜಿನ ಮೇಲೆ ನಡೆದು ನೀವು ಕೈ ಸುಟ್ಟುಕೊಂಡದ್ದು ಸಾಕು.

ಹೆಂಗಸರು ಮಿಷನ್ ಮುಟ್ಟಬಾರದು ಎನ್ನುತ್ತಿದ್ದ ಮಾವನವರು ಆ ಸೊಟ್ಟ ಬಾಬಿನ್ನನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ, "ಇದು ಅವನಿಗೆ ಹೊಳೀಲಿಲ್ಲ, ನಿಂಗೆ ಹೊಳೀತು ಕಣಮ್ಮ. ಮಿಷನ್ನಿನ ಕೆಳಕ್ಕೆಳೆಯೋ ಹಿಡಿ ನಿನ್ ಕೈಗೂ ಎಟುಕ್ಬೇಕು ಅಂತ ಬರಿ" ಎಂದರು.

ನಾನು ಕೈಯೆತ್ತಿ ತೋರಿಸಿದ ಕಡೆ ಗೋಡೆಗೆ ಇದ್ದಿಲಿನ ಗೆರೆ ಎಳೆದು, ನೆಲದಿಂದ ಅಲ್ಲಿಯವರೆಗೆ ತಾವೇ ದಾರ ಹಿಡಿದು ಅಳೆದರು. ಆ ದಾರವನ್ನು ಈ ಕಾಗದದೊಳಗೆ ಮಡಚಿ ಇಟ್ಟಿದ್ದೇನೆ. ಹಿಡಿ ಇದಕ್ಕಿಂತ ಎತ್ತರದಲ್ಲಿದ್ದರೆ ಆ ಮಿಷನ್ ನಮ್ಮಿಬ್ಬರದಲ್ಲ, ನಿಮ್ಮೊಬ್ಬರದೇ ಆಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ದಾರಿ ನೋಡುತ್ತಿರುವ,
ಶ್ಯಾಮಲಾ