ಬೂದಿ ಕಚ್ಚುತ್ತಾಳೆ

ನವೆಂಬರ್ 4, ಸೋಮವಾರ

ಕ್ಷಮಿಸಿ. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ, ಈ ಪುಸ್ತಕವನ್ನೇ ಇರಬೇಕು. ಝೂವಾಲಜಿ ರೆಕಾರ್ಡ್‌ಗೆ ಅಂತ ಕೊಂಡದ್ದು, ಹೀಗೆ ಗೀಚಿ ಹಾಳು ಮಾಡುತ್ತಿದ್ದೇನೆ. ಬರೆಯುವಂಥ ವಿಷಯವೂ ಅಲ್ಲ. ನಮ್ಮ ಮೊಲ ಬೂದಿ ಕಚ್ಚಿದಳು. ಮತ್ತೆ.

ಹುಲ್ಲು ಹಾಕಲು ಕೈ ಒಳಗಿಟ್ಟೆ, ಅಷ್ಟೇ. ಗುರ್ ಅಂದು ಮುಂಗಾಲಲ್ಲಿ ಬಾರಿಸಿ ಹೆಬ್ಬೆರಳಿಗೇ ಬಾಯಿ ಹಾಕಿದಳು. ಬ್ಯಾಂಡೇಜ್ ಸುತ್ತಿಕೊಂಡು ಕಾಲೇಜಿಗೆ ಹೋದೆ. ಮಹದೇವಿ ನೋಡಿ ನಕ್ಕಳು. ಬೂದಿಯನ್ನು ಯಳಂದೂರಿನಿಂದ ಬಸ್ಸಿನಲ್ಲಿ ರಟ್ಟಿನ ಡಬ್ಬದಲ್ಲಿ ತಂದುಕೊಟ್ಟವಳೇ ಅವಳು. ಇಡೀ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳೂ ಅವಳೊಬ್ಬಳೇ.

“ನಮ್ಮನೇಲಿ ಎಲ್ರನ್ನೂ ಕಚ್ಚಾಯ್ತು ಕಣೇ. ಈಗ ನಿಮ್ಮನೆ ಸರದಿ.”

ಅಪ್ಪ ಮಗ್ಗದಿಂದ ತಲೆ ಎತ್ತದೆ ಹೇಳಿದರು: “ನನ್ನ ಅತ್ರ ಬುಡ್ಬೇಡ ಅದ. ನೇಯೋ ಕೈ ಕಣವ್ವ ಇದು. ಮೊಲದ ಬಾಯ್ಗ ಕೊಡಕಾಯ್ತದಾ?”

ಸರಿ ಮಾಡುತ್ತೇನೆ ಅಂದೆ. ಯಾಕೆ ಅಂದೆನೋ. ಲ್ಯಾಬ್‌ನಲ್ಲಿ ಜಿರಳೆ ಹಿಡಿಯಲೂ ಮಹದೇವಿಯನ್ನು ಕರೆಯುತ್ತೇನೆ ನಾನು.

ನವೆಂಬರ್ 7

ವಿಡಿಯೋ ನೋಡಿ ನೋಡಿ ಡೇಟಾ ಖಾಲಿ. ಒಂದು ಗೊತ್ತಾಯಿತು. ಕೈ ಮೇಲಿನಿಂದ, ಎದುರಿನಿಂದ ಬಂದರೆ ಅವಳಿಗೆ ಹದ್ದು ಬಂದ ಹಾಗೆ. ಮೂಗಿನ ಮುಂದಿನದು ಅವಳಿಗೆ ಸರಿಯಾಗಿ ಕಾಣುವುದೂ ಇಲ್ಲವಂತೆ. ಅದು ಸಿಟ್ಟಲ್ಲ, ಭಯ. ಮತ್ತೆ ಗೂಡು ಅವಳದು. ಹಾಸ್ಟೆಲ್‌ನಲ್ಲಿ ನನ್ನ ಟ್ರಂಕಿಗೆ ಯಾರಾದರೂ ಕೈ ಹಾಕಿದರೆ ನಾನೂ ಹೀಗೇ ಆಡುತ್ತಿದ್ದೆ. ಅಮ್ಮ ತೀರಿಹೋದ ವರ್ಷ ನನ್ನನ್ನು ಅಲ್ಲಿಗೆ ಸೇರಿಸಿದ್ದು, ಐದನೇ ಕ್ಲಾಸಿಗೆ. ಆ ಟ್ರಂಕು ಬಿಟ್ಟರೆ ನನ್ನದು ಅಂತ ಏನಿತ್ತು?

ಇವತ್ತು ಪಕ್ಕದಿಂದ, ನಿಧಾನವಾಗಿ, ಹೆಸರು ಕರೆಯುತ್ತಾ ಕೈ ಇಟ್ಟೆ. ಗುರುಗುಟ್ಟಿದಳು. ಕಚ್ಚಲಿಲ್ಲ.

ನವೆಂಬರ್ 10, ಭಾನುವಾರ

ಪಕ್ಕದ ಬೀದಿಯ ಉಮೇಶ್ ಮೊಲ ಸಾಕಿ ಮಾರುತ್ತಾನೆ. ಹೋದ ತಿಂಗಳು ಅವನ ಗಂಡುಮೊಲವನ್ನು ತಂದು ಬೂದಿಯ ಗೂಡಿಗೆ ಬಿಟ್ಟಿದ್ದೆವು. ಕಿವಿ ಹರಿದು ಕಳಿಸಿದ್ದಳು. ಇವತ್ತು ಉಲ್ಟಾ. ಅವಳನ್ನೇ ಗಂಡಿನ ಗೂಡಿಗೆ ಒಯ್ಯಬೇಕಂತೆ, ಆಗ ಕಾಯಲು ಜಾಗ ಅವಳದಲ್ಲವಲ್ಲ.

“ಮೊನ್ನ ಕಿವಿ ಅರ್ದದ. ಇವತ್ತು ಇನ್ನೇನ ಅರೀತದೊ ನಿನ್ ಮಾರಿ,” ಅಂದ ಉಮೇಶ್.

ಏನೂ ಹರಿಯಲಿಲ್ಲ. ಕ್ಷಣದಲ್ಲಿ ಮುಗಿಯಿತು. ಗಂಡು ಪಕ್ಕಕ್ಕೆ ದೊಪ್ಪನೆ ಬಿತ್ತು. ಸತ್ತೇಹೋಯಿತು ಅಂದುಕೊಂಡೆ. ಉಮೇಶ್ ಹೊಟ್ಟೆ ಹಿಡಿದು ನಕ್ಕ. “ಅದು ಅಂಗೇ ಕಣಮ್ಮಿ. ಓಗು, ಬಸ್ರಿ ಊಟ ಆಕು.”

ಎಲ್ಲಿ ನೋಡಬೇಕೋ ತಿಳಿಯದೆ ಬೀದಿ ನೋಡುತ್ತಾ ಬಂದೆ.

ನವೆಂಬರ್ 29

ಇವತ್ತು ಬೂದಿ ತಾನಾಗಿ ಬಂದು ನನ್ನ ಅಂಗೈ ಮೇಲೆ ಗದ್ದ ಊರಿದಳು. ಅಲುಗಾಡದೆ ಕೂತೆ. ಕಾಲೇಜ್ ಬೆಲ್ ಆಗಿಹೋಗಿತ್ತು. ಆಗಲಿ ಅನ್ನಿಸಿತು... ಹಾಸ್ಟೆಲ್ ಬಿಟ್ಟು ಕೊಳ್ಳೇಗಾಲಕ್ಕೆ ವಾಪಸ್ ಬಂದ ಮೇಲೆ ಮೊದಲ ಸಲ.

ಡಿಸೆಂಬರ್ 11, ಬುಧವಾರ

ಆರು ಮರಿ.

ಡಿಸೆಂಬರ್ 12

ಚಳಿ ಜಾಸ್ತಿ. ಬೂದಿ ತನ್ನ ಎದೆಯ ತುಪ್ಪಳ ಕಿತ್ತು, ಮರಿಗಳಿಗೆ ಅಂತ ಗೂಡಿನಲ್ಲಿಟ್ಟ ಪೆಟ್ಟಿಗೆಗೆ ಹಾಕಿಕೊಂಡಿದ್ದಾಳೆ, ಆದರೆ ಸಾಲದು. ಮರಿಗಳ ಮೈಮೇಲೆ ಕೂದಲೇ ಇಲ್ಲ. ಬೆರಳಷ್ಟುದ್ದ, ಕಣ್ಣು ಮುಚ್ಚಿದ, ಗುಲಾಬಿ ಬಣ್ಣದ ಏನೋ. ಹತ್ತಿ ತರಲು ಹೊರಟಿದ್ದೆ, ಅಜ್ಜಿ ಕರೆದಳು.

ಅಪ್ಪನ ಮಗ್ಗಕ್ಕೆ ರಾಟೆಯಲ್ಲಿ ನೂಲು ಸುತ್ತಿಕೊಡುವವಳು ಅಜ್ಜಿ. ತುಂಡಾದ ರೇಷ್ಮೆ ಎಳೆಗಳನ್ನು ಬಿಸಾಡದೆ ಡಬ್ಬದಲ್ಲಿ ಕೂಡಿಡುತ್ತಾಳೆ. ಇಡೀ ಡಬ್ಬವನ್ನು ನನ್ನ ಮಡಿಲಿಗೆ ಸುರಿದಳು.

“ತಕಂಡೋಗವ್ವ. ಇದ್ಕಿಂತ ಮೆತ್ತಗಿರದು ಯಾವ ಅಂಗ್ಡೀಲಿ ಸಿಕ್ಕದು? ನೀ ಉಟ್ದಾಗ ಇದ್ನೇ ನಿನ್ ದಿಂಬ್ಗ ತುಂಬಿದ್ದೆ.”

ನನಗೆ ಗೊತ್ತೇ ಇರಲಿಲ್ಲ. ರಜೆಗೆ ಬಂದು ಹೋಗುತ್ತಿದ್ದವಳಿಗೆ ಯಾರು ಇದೆಲ್ಲ ಹೇಳುತ್ತಾರೆ? ಇಬ್ಬರೂ ಸೇರಿ ಪೆಟ್ಟಿಗೆ ತುಂಬಿದೆವು. ಕೆಂಪು, ಹಳದಿ, ಗಿಳಿಹಸಿರು. ನಡುವೆ ಮರಿಗಳು ಮುಳುಗಿಹೋದವು. ಅಜ್ಜಿ ಅಂದಳು, “ಮದ್ವ ಮಕ್ಕ ಕಂಡಂಗ ಕಾಣ್ತವ.”

ಡಿಸೆಂಬರ್ 16

ಒಂದು ಮರಿಯ ಹಿಂಗಾಲು ಊದಿದೆ. ಪಾದ ನೀಲಿ, ಕಪ್ಪು. ಫೋಟೋ ತೆಗೆದು ಕ್ಲಾಸಿನಲ್ಲಿ ಮಹದೇವಿಗೆ ತೋರಿಸಿದೆ. ಅವಳು ನಗಲಿಲ್ಲ. “ಅವ್ವನೇ ಕಚ್ಚಿರ್ಬೇಕು ಕಣೇ...”

ಇಲ್ಲ. ಅವಳು ಈಗ ಕಚ್ಚುವುದಿಲ್ಲ.

ಡಿಸೆಂಬರ್ 17

ಆ ಮರಿಗೆ ಪಾದವೇ ಇಲ್ಲ. ಇನ್ನೊಂದರ ಕಾಲೂ ಕಪ್ಪು. ಬೂದಿಯ ಬಾಯಿಗೆ ರಕ್ತ ಮೆತ್ತಿದೆ.

ಪೆಟ್ಟಿಗೆಗೆ ಕೈ ಹಾಕಿದೆ, ಮೊದಲಿನ ಹಾಗೇ ಹಾರಿಬಂದಳು. ನನ್ನನ್ನು ಎಳೆಯಲು ಬಂದ ಅಪ್ಪನ ತೋರುಬೆರಳಿಗೆ ಹಲ್ಲು ಇಳಿಯಿತು. ಆಳವಾಗಿ. ಮಗ್ಗ ನಿಂತಿದೆ. ಅಪ್ಪ ಬೆರಳಿಗೆ ಬಟ್ಟೆ ಸುತ್ತಿಕೊಂಡರು.

ನಾಳೆ ಇಂಟರ್ನಲ್ಸ್. ಏನೂ ಓದಿಲ್ಲ. ಮರಿ ತಿನ್ನುವ ತಾಯಿ ಅಂತ ಹುಡುಕಿದರೆ ವಿಡಿಯೋಗಳಿಗೆ ಕೊನೆಯೇ ಇಲ್ಲ. ರುಚಿ ಕಂಡರೆ ಬಿಡುವುದಿಲ್ಲವಂತೆ. ಎಲ್ಲವನ್ನೂ ತಿನ್ನುತ್ತದಂತೆ. ಅಂಥದ್ದನ್ನು ತೆಗೆದುಬಿಡಬೇಕಂತೆ.

ನಾನೇ ಹೇಳಿದೆ. ಅಪ್ಪ ಅಲ್ಲ, ಅಜ್ಜಿ ಅಲ್ಲ. ನಾನೇ. ತಾಯಿಯನ್ನು ಕಳಿಸಿಬಿಡೋಣ, ಮರಿಗಳಾದರೂ ಉಳಿಯಲಿ.

ಡಿಸೆಂಬರ್ 18

ಉಮೇಶ್ ಬೈಕಿಗೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿಕೊಂಡು ಬಂದ. ಲೊಕ್ಕನಹಳ್ಳಿಯಲ್ಲಿ ಅವನ ದೊಡ್ಡಪ್ಪ ದೊಡ್ಡಮಾದಪ್ಪ ಇದ್ದಾರೆ, ಹೊಲ ಇದೆ, ಅಲ್ಲಿ ಬಿಡುತ್ತೇನೆ ಅಂದ.

“ಸಾಕ್ತಾರಾ?”

ಹಗ್ಗ ಬಿಗಿಯುತ್ತಲೇ ಇದ್ದ. “ನೀನು ಕೇಳ್ಬೇಡ. ನಾನೂ ಯೋಳದಿಲ್ಲ.”

ಬೂದಿ ಬುಟ್ಟಿಯ ಕಿಂಡಿಗೆ ಗದ್ದ ಊರಿ ನನ್ನ ಕಡೆ ತಿರುಗಿದ್ದಳು. ಮುಟ್ಟಲಿಲ್ಲ ನಾನು. ಪರೀಕ್ಷೆಗೆ ಲೇಟಾಗುತ್ತದೆ ಅಂತ ಒಳಗೆ ಹೋಗಿ ಐಡಿ ಕಾರ್ಡ್ ಹುಡುಕಿದೆ. ಅದು ಕೈಯಲ್ಲೇ ಇತ್ತು.

ಡಿಸೆಂಬರ್ 19

ಡ್ರಾಪರ್‌ನಲ್ಲಿ ಹಾಲು. ಒಂದಕ್ಕೆ ಮೂಗಿನಿಂದ ಗುಳ್ಳೆ ಬಂತು, ಕೈಯಲ್ಲೇ ಹೋಯಿತು. ಪಾದವಿಲ್ಲದ್ದು ಬೆಳಿಗ್ಗೆಯೇ ಹೋಗಿತ್ತು. ಸಂಜೆಗೆ ಇನ್ನೆರಡು. ಅಜ್ಜಿ ಪ್ರತಿಯೊಂದಕ್ಕೂ ಹಿತ್ತಲಲ್ಲಿ ಬೇರೆ ಬೇರೆ ಗುಳಿ ತೋಡಿದಳು. ಒಂದರಲ್ಲೇ ಹಾಕಬಹುದಲ್ಲ ಅಂದರೆ, “ಒಂದರ ಮ್ಯಾಲ ಒಂದ ಆಕದಾ?” ಅಂದಳು.

ಡಿಸೆಂಬರ್ 20, ಶುಕ್ರವಾರ

ಬೆಳಿಗ್ಗೆ ಐದನೆಯದೂ ತಣ್ಣಗಾಗಿತ್ತು. ಎತ್ತಿಕೊಂಡೆ. ಅದರ ಹಿಂಗಾಲು ಊದಿ ಕಪ್ಪಾಗಿತ್ತು. ನಿನ್ನೆ ಸಂಜೆ ಚೆನ್ನಾಗಿದ್ದ ಕಾಲು.

ತಾಯಿ ಇಲ್ಲ. ಇದನ್ನು ಯಾರು ಕಚ್ಚಿದರು?

ಬಾಗಿಲ ಬೆಳಕಿಗೆ ಹಿಡಿದೆ. ಹಲ್ಲಿನ ಗುರುತಿಲ್ಲ. ಪಾದದ ಮೇಲೆ ಒಂದು ಗೀರು, ಸುತ್ತಲೂ, ಉಂಗುರ ಹಾಕಿದ ಹಾಗೆ. ಉಗುರಿನಿಂದ ಎಳೆದೆ. ಬಂತು. ಕೂದಲಿಗಿಂತ ಸಣ್ಣ ಎಳೆ. ಗಿಳಿಹಸಿರು.

ಮರಿ ಒದ್ದಾಡಿದಷ್ಟೂ ಬಿಗಿದಿದೆ. ರೇಷ್ಮೆ ಹರಿಯುವುದಿಲ್ಲವಲ್ಲ. ಹರಿಯಬಾರದು ಅಂತಲೇ ತಾನೇ ಜನ ನಮ್ಮಲ್ಲಿ ಕೊಳ್ಳುವುದು.

ಉಳಿದದ್ದು ಒಂದೇ ಮರಿ. ಅದರ ಕಾಲಿಗೂ ಸುತ್ತಿತ್ತು. ಅಪ್ಪನನ್ನು ಕರೆದೆ. ಬ್ಯಾಂಡೇಜಿನ ಬೆರಳನ್ನು ಮೇಲಕ್ಕೆ ಚಾಚಿಕೊಂಡು, ಉಳಿದ ಬೆರಳಲ್ಲೇ ಬ್ಲೇಡು ಹಿಡಿದು ಕತ್ತರಿಸಿದರು. ಪೆಟ್ಟಿಗೆಯ ರೇಷ್ಮೆಯೆಲ್ಲ ತೆಗೆದು ಒಲೆಗೆ ಹಾಕಿದರು. ಕೂದಲು ಸುಟ್ಟ ವಾಸನೆ.

ಒಳಗಿನಿಂದ ಅಜ್ಜಿ, “ಇರೋದೊಂದು ಬೆಚ್ಗದಾ ಗೋವಿಂದ?”

“ಊಂ ಕಣವ್ವ, ಬೆಚ್ಗದ.” ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ: “ಅಜ್ಜಿಗ ಯೋಳ್ಬೇಡ.”

ಬೂದಿಯ ಬಾಯಿಯ ರಕ್ತ. ಎಳೆ ಕಡಿಯಲು ನೋಡಿದ್ದಳಾ? ಬರೀ ನೆಕ್ಕುತ್ತಿದ್ದಳಾ? ಗೊತ್ತಿಲ್ಲ. ಯಾವ ವಿಡಿಯೋದಲ್ಲೂ ಇಲ್ಲ. ತಿನ್ನಲಿಲ್ಲ, ಅಷ್ಟು ಗೊತ್ತು. ಮತ್ತೆ ಪೆಟ್ಟಿಗೆಗೆ ಕೈ ಹಾಕಿದ್ದು ನಾನು. ಅದರೊಳಗೆ ಇದ್ದದ್ದು ಅವಳ ಮರಿಗಳು.

ಉಮೇಶ್ ಫೋನ್ ಎತ್ತುತ್ತಿಲ್ಲ, ಮನೆಯಲ್ಲೂ ಇಲ್ಲ.

ಡಿಸೆಂಬರ್ 21, ಶನಿವಾರ

ಕ್ಲಾಸಿಗೆ ಹೋಗಲಿಲ್ಲ. ಮರಿಯನ್ನು ಟಿಫಿನ್ ಡಬ್ಬದಲ್ಲಿ ಹಾಕಿಕೊಂಡೆ, ಕೆಳಗೆ ಒಣಹುಲ್ಲು, ಮೇಲೆ ಬೂದಿಯದೇ ತುಪ್ಪಳ. ಮುಚ್ಚಳ ಅರ್ಧ ತೆಗೆದು ಎದೆಗೆ ಒತ್ತಿಕೊಂಡು ಹನೂರಿಗೆ, ಅಲ್ಲಿಂದ ಲೊಕ್ಕನಹಳ್ಳಿಗೆ. ತಾಯಿಗೆ ಹಾಲು ಇನ್ನೂ ಪೂರ್ತಿ ಬತ್ತಿರುವುದಿಲ್ಲ, ಒಂದು ಸಲ ಕುಡಿಸಿದರೆ ಸಾಕು, ಅಂತ ಲೆಕ್ಕ ಹಾಕುತ್ತಾ. ಕಂಡಕ್ಟರ್ ಕೇಳಿದರು, “ಏನವ್ವ, ಡಬ್ಬ ಉಸಿರಾಡ್ತದ?” ತೋರಿಸಿದೆ. ಮುಂದಿನ ಸೀಟು ಕೊಡಿಸಿದರು, ಗಾಳಿ ಬರದ ಕಡೆ.

ದೊಡ್ಡಮಾದಪ್ಪನವರ ಮನೆಗೆ ಬೀಗ. ಪಕ್ಕದ ಮನೆಯ ವೀರಮ್ಮ ರಾಗಿ ಕೇರುತ್ತಿದ್ದರು.

“ಆನ ಬತ್ತವ ಅಂತ ಒಲ ಕಾಯಕೋಗವ್ರ. ಯಾವಾಗ ಬತ್ತರೊ.”

ಮೊಲ?

“ಬೂದ್ಗಿರದಾ? ಬುಟ್ಟೀಲಿ ಇತ್ತು, ಕಂಡಿ. ಆಮೇಲೆ ಕಾಣ್ನಿಲ್ಲ ಕಣವ್ವ.” ಮೊರ ಕೆಳಗಿಟ್ಟು ನನ್ನ ಡಬ್ಬ ನೋಡಿದರು. “ಒಲಕ್ಕೂ ಒಯ್ದಿರ್ಬೋದು,” ಅಂದರು. ಸಮಾಧಾನಕ್ಕೆ ಅಂದರೋ, ನಿಜವೋ.

ಹೊಲ ಕಾಡಂಚಿನಲ್ಲಿದೆ, ಒಬ್ಬಳೇ ಹೋಗಬೇಡ ಅಂದರು. ಜಗುಲಿಯ ಮೇಲೆ ಕೂತೆ, ಬಸ್ಸು ಬರುವ ತನಕ. ವೀರಮ್ಮ ದೊಡ್ಡಮಾದಪ್ಪನವರ ನಂಬರ್ ಬರೆದುಕೊಟ್ಟರು. ಫೋನ್ ಹೋಗುವುದಿಲ್ಲ ಅಲ್ಲಿ, ಮೆಸೇಜಾದರೆ ದಿಬ್ಬ ಹತ್ತಿದಾಗ ಬರುತ್ತದಂತೆ.

ಡಿಸೆಂಬರ್ 22, ಬೆಳಿಗ್ಗೆ

ಮರಿ ಕಣ್ಣು ಬಿಟ್ಟಿದೆ. ಒಂದು ಮಾತ್ರ. ಡ್ರಾಪರ್ ತೋರಿಸಿದರೆ ಮುಖ ತಿರುಗಿಸುತ್ತದೆ.

ಮೆಸೇಜ್ ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಕಳಿಸುತ್ತೇನೆ. ತಪ್ಪಾಗಬಾರದು.

ದೊಡ್ಡಮಾದಪ್ಪನವರಿಗೆ ನಮಸ್ಕಾರ. ನಾನು ಕೊಳ್ಳೇಗಾಲದ ರೋಜಾ, ಮಗ್ಗದ ಗೋವಿಂದಯ್ಯನವರ ಮಗಳು. ಬುಧವಾರ ಉಮೇಶ್ ತಂದುಕೊಟ್ಟ ಬೂದು ಮೊಲ ನನ್ನದು. ಅದು ಮರಿ ತಿಂದಿತು ಅಂತ ಹೇಳಿರಬಹುದು. ತಿಂದಿಲ್ಲ. ತಪ್ಪು ನನ್ನದು. ಒಂದು ಮರಿ ಇನ್ನೂ ಇದೆ, ಹಾಲು ಬೇಕು. ಮೊಲ ಇದ್ದರೆ ದಯವಿಟ್ಟು ಏನೂ ಮಾಡಬೇಡಿ, ನಾನೇ ಬರುತ್ತೇನೆ. ಇಲ್ಲದಿದ್ದರೂ ಹೇಳಿ. ಬೇಗ ಉತ್ತರ ಕೊಡಿ, ಇವತ್ತೇ, ಯಾಕೆಂದರೆ ಮರಿ ಇನ್ನೂ ಬೆಚ್ಚಗಿದೆ, ಆದರೆ ಡ್ರಾಪರ್ ಹಾಲು ಕುಡಿಯುತ್ತಿಲ್ಲ.